ರಾಬರ್ಟ್ ವೈಟ್

ರಾಬರ್ಟ್ ವೈಟ್ (6 ಜುಲೈ 1796 – 26 ಮೇ 1872) ಸ್ಕಾಟ್ಲೆಂಡಿನ ವೈದ್ಯರು ಹಾಗೂ ಸಸ್ಯವಿಜ್ಞಾನಿ. ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿ 1819ರಲ್ಲಿ ಮದ್ರಾಸಿಗೆ ಬಂದ ಇವರು 1853ರವರೆಗೆ, ನಡುವಿನ ಮೂರು ವರ್ಷಗಳ ರಜೆಯನ್ನು ಬಿಟ್ಟು, ದಕ್ಷಿಣ ಭಾರತದಲ್ಲಿಯೇ ಸೇವೆ ಸಲ್ಲಿಸಿದರು. ಇಲ್ಲಿನ ಸಾವಿರಾರು ಸಸ್ಯಗಳನ್ನು ಸಂಗ್ರಹಿಸಿ, ವಿವರಿಸಿ, ಭಾರತೀಯ ಚಿತ್ರಕಾರರ ನೆರವಿನಿಂದ ಚಿತ್ರಸಹಿತ ಪ್ರಕಟಿಸಿದರು. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ ಸೀಮೆಯು ಇವರ ಕಾಲದಲ್ಲಿ, ಇವರ ಕಾರ್ಯಕ್ಷೇತ್ರವಾಗಿದ್ದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು.

ಒಂದನ್ನೊಂದು ಹೋಲುವ ಕಾಡುಬಳ್ಳಿಗಳನ್ನು ಬೇರ್ಪಡಿಸಿ ಗುರುತಿಸುವ ಕೆಲಸದಲ್ಲಿ ವೈಟ್ ಅವರ ಬರಹ ಮತ್ತು ಚಿತ್ರಗಳಿಗೆ ವಿಶೇಷ ಸ್ಥಾನವಿದೆ. ದಕ್ಷಿಣ ಭಾರತದ ಕೆಲವು ಕಾಡುಸಸ್ಯಗಳನ್ನು ಇವರು ಐರೋಪ್ಯ ಐವಿ ಬಳ್ಳಿಯ ಕುಲವಾದ ಹೆಡೆರಾದಲ್ಲಿ ಸೇರಿಸಿದ್ದರು. ಮುಂದಿನ ಸಸ್ಯವಿಜ್ಞಾನಿಗಳು ಅವುಗಳನ್ನು ಬೇರೆ ಕುಲಕ್ಕೆ ವರ್ಗಾಯಿಸಿದರು. ಮೈಸೂರು ಸೀಮೆಯಲ್ಲಿ ಉಪ್ಪಿನಕಾಯಿಗೆ ಬಳಸುವ ಮಾಕಳಿ ಬೇರಿನ ಬಳ್ಳಿಗೆ ವೈಜ್ಞಾನಿಕ ಹೆಸರನ್ನು ಕೊಟ್ಟವರು ಇವರು ಮತ್ತು ಇವರ ಸಹಲೇಖಕ ಆರ್ನಾಟ್.

ಜನನ ಮತ್ತು ವಿದ್ಯಾಭ್ಯಾಸ

ವೈಟ್ ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್ ಪ್ರಾಂತದ ಮಿಲ್ಟನ್ ಎಂಬಲ್ಲಿ ಜನಿಸಿದರು. ತಂದೆ ಎಡಿನ್‌ಬರೋದಲ್ಲಿ ವಕೀಲಿ ವೃತ್ತಿಯಲ್ಲಿದ್ದರು. ಮೊದಲು ಮನೆಯಲ್ಲಿಯೂ ಅನಂತರ ಎಡಿನ್‌ಬರೋದ ರಾಯಲ್ ಹೈಸ್ಕೂಲಿನಲ್ಲಿಯೂ ಕಲಿತ ಇವರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1818ರಲ್ಲಿ ಎಂ.ಡಿ. ಪದವಿ ಪಡೆದರು. ಆ ಕಾಲದ ವೈದ್ಯ ವಿದ್ಯಾರ್ಥಿಗಳಿಗೆ ಔಷಧಸಸ್ಯಗಳ ಪರಿಚಯ ಅಗತ್ಯವಾಗಿದ್ದುದರಿಂದ ಸಸ್ಯಶಾಸ್ತ್ರವೂ ವ್ಯಾಸಂಗದ ಅಂಗವಾಗಿತ್ತು. ಸಾರಜನಕವನ್ನು ಕಂಡುಹಿಡಿದ ಡೇನಿಯಲ್ ರುದರ್‌ಫೋರ್ಡ್ ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವೈಟ್ ಅವರಲ್ಲಿ ಸಸ್ಯಶಾಸ್ತ್ರ ಕಲಿತರು.

ಮದ್ರಾಸಿನಲ್ಲಿ ಆರಂಭದ ವರ್ಷಗಳು

1819ರಲ್ಲಿ ವೈಟ್ ಕಂಪನಿಯ ಮದ್ರಾಸ್ ಸೇನೆಯಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಪಡೆಯೊಂದಿಗೆ ಊರಿಂದೂರಿಗೆ ಸಾಗುವಾಗ ದಾರಿಯಲ್ಲಿ ಕಂಡ ಗಿಡಗಳನ್ನು ಸಂಗ್ರಹಿಸಿ ಒಣಗಿಸುವುದನ್ನು ರೂಢಿಸಿಕೊಂಡರು. ಈ ಕೆಲಸದಲ್ಲಿ ತೋರಿದ ಆಸಕ್ತಿಯ ಫಲವಾಗಿ 1826ರಲ್ಲಿ ಮದ್ರಾಸ್ ಸರ್ಕಾರ ಇವರನ್ನು ತನ್ನ ನಿಸರ್ಗವಿಜ್ಞಾನಿ ಹುದ್ದೆಗೆ ನೇಮಿಸಿತು. ಆದರೆ 1828ರಲ್ಲಿ ಗವರ್ನರ್ ಸ್ಟೀಫನ್ ಲಷಿಂಗ್ಟನ್ ಅವರ ಆಡಳಿತದಲ್ಲಿ ಈ ಹುದ್ದೆ ರದ್ದಾಯಿತು. ಸರ್ಕಾರದ ವಶದಲ್ಲಿದ್ದ ಸಸ್ಯಸಂಗ್ರಹ ಲಂಡನ್ನಿನ ಕಂಪನಿ ಕೇಂದ್ರಕ್ಕೆ ರವಾನೆಯಾಯಿತು.

ವೈಟ್ ಮತ್ತೆ ವೈದ್ಯವೃತ್ತಿಗೆ ಮರಳಿ ನಾಗಪಟ್ಟಣದಲ್ಲಿ ಸೇವೆ ಸಲ್ಲಿಸಿದರು. ಅಧಿಕೃತ ಹುದ್ದೆ ಹೋದರೂ ಸಂಗ್ರಹಕಾರ್ಯ ನಿಲ್ಲಲಿಲ್ಲ. ಸಂಗ್ರಾಹಕರನ್ನೂ ಚಿತ್ರಕಾರರನ್ನೂ ಸ್ವಂತ ಖರ್ಚಿನಲ್ಲಿ ಇಟ್ಟುಕೊಂಡು ಕೆಲಸ ಮುಂದುವರಿಸಿದರು. ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಜಾಕ್ಸನ್ ಹೂಕರ್ ಅವರೊಂದಿಗೆ ಪತ್ರವ್ಯವಹಾರ ಬೆಳೆಸಿ, ಒಣಗಿಸಿದ ಸಸ್ಯಗಳನ್ನೂ ಚಿತ್ರಗಳನ್ನೂ ಅವರಿಗೆ ಕಳುಹಿಸತೊಡಗಿದರು.

ಆರ್ನಾಟ್ ಅವರೊಂದಿಗೆ ಸಹಕಾರ

1831ರಲ್ಲಿ ಮೂರು ವರ್ಷಗಳ ರಜೆಯ ಮೇಲೆ ಸ್ವದೇಶಕ್ಕೆ ಹೊರಟ ವೈಟ್ ತಮ್ಮೊಂದಿಗೆ ಸುಮಾರು ಎರಡು ಟನ್ ತೂಕದ ಒಣಸಸ್ಯಗಳನ್ನು ಕೊಂಡೊಯ್ದರು. ಅದರಲ್ಲಿ 3,000ದಿಂದ 4,000 ಪ್ರಭೇದಗಳಿಗೆ ಸೇರಿದ ಸುಮಾರು ಒಂದು ಲಕ್ಷ ಮಾದರಿಗಳಿದ್ದವು. ಇಷ್ಟು ದೊಡ್ಡ ಸಂಗ್ರಹವನ್ನು ವಿಂಗಡಿಸುವ ಕೆಲಸದಲ್ಲಿ ಜಾರ್ಜ್ ವಾಕರ್ ಆರ್ನಾಟ್ (1799–1868) ಇವರಿಗೆ ಜೊತೆಯಾದರು. ಕಾನೂನು ಓದಿ ಸಸ್ಯಶಾಸ್ತ್ರಕ್ಕೆ ಬಂದಿದ್ದ ಆರ್ನಾಟ್ ಐರೋಪ್ಯ ಸಂಗ್ರಹಾಲಯಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಜೀವಂತ ಗಿಡಗಳನ್ನು ಅವು ಬೆಳೆಯುವ ನೆಲದಲ್ಲಿ ಕಂಡಿದ್ದವರು ವೈಟ್. ಹಳೆಯ ಗ್ರಂಥಗಳಲ್ಲಿದ್ದ ಹೆಸರುಗಳನ್ನು ಪರಿಶೀಲಿಸಿ ಸರಿಯಾದುದನ್ನು ಆರಿಸುವ ನೈಪುಣ್ಯ ಆರ್ನಾಟ್ ಅವರದು.

ಇಬ್ಬರೂ ಸೇರಿ ಬರೆದ ಪ್ರೊಡ್ರೋಮಸ್ ಫ್ಲೋರೇ ಪೆನಿನ್ಸುಲೇ ಇಂಡಿಯೇ ಓರಿಯೆಂಟಾಲಿಸ್ ಎಂಬ ಗ್ರಂಥದ ಮೊದಲ ಸಂಪುಟ 1834ರಲ್ಲಿ ಪ್ರಕಟವಾಯಿತು. ಮುಂದಿನ ಸಂಪುಟಗಳು ಹೊರಬರಲಿಲ್ಲ. ಆದರೂ ದಕ್ಷಿಣ ಭಾರತದ ಸಸ್ಯಗಳನ್ನು ನೈಸರ್ಗಿಕ ವರ್ಗೀಕರಣ ಕ್ರಮದಲ್ಲಿ ಜೋಡಿಸಿದ ಆರಂಭದ ಗ್ರಂಥಗಳಲ್ಲಿ ಇದು ಮುಖ್ಯವಾದುದು. ಲಿನೇಯಸ್ ಪದ್ಧತಿಯಲ್ಲಿ ಕೇಸರ ಮತ್ತು ಶಲಾಕೆಗಳ ಸಂಖ್ಯೆಯೇ ವರ್ಗೀಕರಣದ ತಳಹದಿಯಾಗಿತ್ತು. ನೈಸರ್ಗಿಕ ಕ್ರಮದಲ್ಲಿ ಎಲೆ, ಹೂವು, ಅಂಡಾಶಯ, ಕಾಯಿ, ಬೀಜ ಇವೆಲ್ಲವುಗಳ ಹೋಲಿಕೆಯನ್ನು ಒಟ್ಟಾಗಿ ಪರಿಗಣಿಸಲಾಗುತ್ತದೆ. ಅದೇ ವರ್ಷ ಹೊರಬಂದ ಕಾಂಟ್ರಿಬ್ಯೂಷನ್ಸ್ ಟು ದ ಬಾಟನಿ ಆಫ್ ಇಂಡಿಯಾ ಎಂಬ ಗ್ರಂಥದಲ್ಲಿ ಎಕ್ಕದ ಗುಂಪಿನ ಹಾಲುಬಳ್ಳಿಗಳ ವಿಸ್ತಾರವಾದ ವಿವರಣೆ ಇದೆ.

ಬಳ್ಳಾರಿಯಿಂದ ಕೊಯಮತ್ತೂರಿಗೆ

1834ರಲ್ಲಿ ಭಾರತಕ್ಕೆ ಮರಳಿದ ವೈಟ್ ಬಳ್ಳಾರಿಯಲ್ಲಿದ್ದ ಪಡೆಯ ಶಸ್ತ್ರವೈದ್ಯರಾದರು. ಅನಂತರ ಆ ಪಡೆಯೊಂದಿಗೆ ಬಳ್ಳಾರಿಯಿಂದ ದಕ್ಷಿಣದ ತುದಿಯ ಪಾಳಯಂಕೋಟೆಯವರೆಗೆ ಸುಮಾರು 700 ಮೈಲಿ ಸಾಗಿದರು. ಒಣಬಯಲಿನಿಂದ ಹಿಡಿದು ಮಳೆಕಾಡಿನ ಅಂಚಿನವರೆಗಿನ ಸಸ್ಯವೈವಿಧ್ಯ ಈ ಪ್ರಯಾಣದಲ್ಲಿ ಇವರ ಕಣ್ಣಿಗೆ ಬಿತ್ತು.

1836ರಲ್ಲಿ ಸರ್ಕಾರ ಇವರನ್ನು ಕಂದಾಯ ಇಲಾಖೆಗೆ ವರ್ಗಾಯಿಸಿ ಹತ್ತಿ, ಹೊಗೆಸೊಪ್ಪು ಮೊದಲಾದ ಬೆಳೆಗಳನ್ನು ಕುರಿತು ವರದಿ ಮಾಡುವ ಹೊಣೆ ವಹಿಸಿತು. 1838ರಲ್ಲಿ ಮದ್ರಾಸಿನಲ್ಲಿ ರೋಸಾ ಹ್ಯಾರಿಯೆಟ್ ಫೋರ್ಡ್ ಅವರನ್ನು ವಿವಾಹವಾದರು. 1842ರಿಂದ ಕೊಯಮತ್ತೂರಿನ ಹತ್ತಿ ಪ್ರಯೋಗ ಕ್ಷೇತ್ರಗಳ ಮೇಲ್ವಿಚಾರಣೆ ಇವರದಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಉದ್ದನೆಯ ಎಳೆಯ ಅಮೆರಿಕನ್ ಹತ್ತಿಯನ್ನು ಭಾರತದಲ್ಲಿ ಬೆಳೆಸುವುದು ಈ ಪ್ರಯೋಗದ ಉದ್ದೇಶವಾಗಿತ್ತು. ಅಮೆರಿಕದಿಂದ ತೋಟಗಾರರನ್ನೂ ಕರೆಸಲಾಗಿತ್ತು. ಪ್ರಯೋಗ ನಿರೀಕ್ಷಿಸಿದಷ್ಟು ವಾಣಿಜ್ಯ ಯಶಸ್ಸು ಕಾಣಲಿಲ್ಲ. ಹಗಲು ಸರ್ಕಾರಿ ಕೆಲಸವಾದರೆ ಉಳಿದ ವೇಳೆ ಸಸ್ಯಶಾಸ್ತ್ರಕ್ಕೆ ಮೀಸಲಾಗಿತ್ತು. ಇವರ ದೊಡ್ಡ ಗ್ರಂಥಗಳೆಲ್ಲ ಹೀಗೆ ಸರ್ಕಾರಿ ಸೇವೆಯ ನಡುವೆಯೇ ಸಿದ್ಧವಾದವು.

ಕೊಳ್ಳೇಗಾಲ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಪರಿಸರ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲ ಸೀಮೆ ಕಂಪನಿಯ ಆಡಳಿತಕ್ಕೆ ಒಳಪಟ್ಟು ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾದಾಗ ಅದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಚಾಮರಾಜನಗರ ಜಿಲ್ಲೆ ರಚಿಸಿದಾಗ ಕೊಳ್ಳೇಗಾಲವೂ ಆ ಜಿಲ್ಲೆಯಲ್ಲಿ ಸೇರಿತು. ವೈಟ್ ಅವರ ಕಾಲದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಹೀಗಾಗಿ ಒಂದೇ ಕಾಡಿನ ಎರಡು ಮಗ್ಗುಲುಗಳು ಎರಡು ಆಡಳಿತಗಳಿಗೆ ಹಂಚಿಹೋಗಿದ್ದವು.

ಭೂಗೋಳದ ದೃಷ್ಟಿಯಿಂದ ಇದು ಅಖಂಡವಾದ ಪ್ರದೇಶ. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಬಂಡೀಪುರದ ಕಾಡನ್ನು ದಾಟಿ ನೀಲಗಿರಿಯ ಬುಡಕ್ಕೆ ತಲುಪುತ್ತದೆ. ಚಾಮರಾಜನಗರದಿಂದ ಹೊರಟ ದಾರಿ ಹಾಸನೂರು ಮತ್ತು ದಿಂಬಂ ಘಟ್ಟದ ಮೂಲಕ ಸತ್ಯಮಂಗಲಕ್ಕೆ ಇಳಿದು ಕೊಯಮತ್ತೂರನ್ನು ಸೇರುತ್ತದೆ. ಪೂರ್ವದಲ್ಲಿರುವ ಬಿಳಿಗಿರಿರಂಗನ ಬೆಟ್ಟ ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳ ನಡುವಿನ ಕೊಂಡಿಯಂತಿದೆ. ಬುಡದಲ್ಲಿ ಮುಳ್ಳುಪೊದೆಗಳ ಕುರುಚಲು, ಅದರ ಮೇಲೆ ಎಲೆಯುದುರುವ ಕಾಡು, ಇನ್ನೂ ಎತ್ತರದಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಇವೆ. ಕೆಲವೇ ಮೈಲಿಗಳ ಅಂತರದಲ್ಲಿ ಒಣನಾಡಿನ ಬಳ್ಳಿಗಳೂ ತಂಪುಕಾಡಿನ ಬಳ್ಳಿಗಳೂ ಕಾಣಸಿಗುತ್ತವೆ. ಮೇಲ್ನೋಟಕ್ಕೆ ಒಂದೇ ಎನಿಸುವ ಬಳ್ಳಿಗಳನ್ನು ಬೇರ್ಪಡಿಸುವ ಸಮಸ್ಯೆ ಇಂಥ ಕಡೆ ಹೆಚ್ಚು.

ನೀಲಗಿರಿ ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಸಸ್ಯಗಳನ್ನು ಕುರಿತು ವೈಟ್ ಸ್ಪಿಸಿಲೇಜಿಯಂ ನೀಲ್‌ಘೆರೆನ್ಸೆ ಎಂಬ ಪ್ರತ್ಯೇಕ ಚಿತ್ರಗ್ರಂಥವನ್ನೇ ಪ್ರಕಟಿಸಿದರು.

ಐವಿ ಕುಲಕ್ಕೆ ಸೇರಿಸಿದ ಕಾಡುಸಸ್ಯಗಳು

ಐವಿ ಎಂಬುದು ಯುರೋಪಿನ ಗೋಡೆ, ಮರಗಳನ್ನು ಅಡರುವ ಸದಾ ಹಸಿರಾದ ಬಳ್ಳಿ. ಇದರ ವೈಜ್ಞಾನಿಕ ಹೆಸರು ಹೆಡೆರಾ ಹೆಲಿಕ್ಸ್. ಕಾಂಡದಿಂದ ಹೊರಡುವ ಸಣ್ಣ ಬೇರುಗಳು ಆಸರೆಗೆ ಅಂಟಿಕೊಂಡು ಬಳ್ಳಿಯನ್ನು ಮೇಲಕ್ಕೇರಿಸುತ್ತವೆ. ಎಲೆಗಳು ಬಿಡಿ ಎಲೆಗಳು, ಅಂದರೆ ಕಿರುಎಲೆಗಳಾಗಿ ಒಡೆದವಲ್ಲ. ಏರುವ ಕಾಂಡದ ಎಲೆಗಳಿಗೆ ಸಾಮಾನ್ಯವಾಗಿ ಮೂರರಿಂದ ಐದು ಹಾಲೆಗಳಿರುತ್ತವೆ. ಹೂಬಿಡುವ ರೆಂಬೆಗಳ ಎಲೆಗಳಿಗೆ ಹಾಲೆಗಳಿರುವುದಿಲ್ಲ. ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಎಲೆಗಳಿರುವುದರಿಂದ ಎಲೆಯನ್ನು ಮಾತ್ರ ನೋಡಿದವರು ಒಂದನ್ನು ಎರಡೆಂದು ಎಣಿಸುವ ಸಂಭವವಿದೆ. ಹೆಡೆರಾ ಕುಲದ ಇನ್ನೊಂದು ಪ್ರಭೇದ ಹಿಮಾಲಯದಲ್ಲಿ ಕಾಡುಬಳ್ಳಿಯಾಗಿ ಬೆಳೆಯುತ್ತದೆ. ಅದಕ್ಕೆ 1853ರಲ್ಲಿ ಕಾರ್ಲ್ ಕೋಖ್ ಹೆಡೆರಾ ನೇಪಾಲೆನ್ಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಕಾಡುಗಳಲ್ಲಿ ನಿಜವಾದ ಐವಿ ಸಹಜವಾಗಿ ಬೆಳೆಯುವುದಿಲ್ಲ. ಇಲ್ಲಿ ಕಾಣುವುದು ಕುಂಡಗಳಲ್ಲಿ ಬೆಳೆಸಿದ ಅಲಂಕಾರದ ಬಳ್ಳಿ ಮಾತ್ರ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೆಡೆರಾ ಕುಲದ ಗಡಿಗಳು ಸ್ಪಷ್ಟವಾಗಿರಲಿಲ್ಲ. ಛತ್ರಿಯ ಕಡ್ಡಿಗಳಂತೆ ಒಂದೇ ಬಿಂದುವಿನಿಂದ ಹೊರಡುವ ತೊಟ್ಟುಗಳ ಸಣ್ಣ ಹೂವುಗಳು, ಹೂವಿನ ಉಳಿದ ಭಾಗಗಳಿಗಿಂತ ಕೆಳಗಿರುವ ಅಂಡಾಶಯ, ದುಂಡನೆಯ ರಸಭರಿತ ಕಾಯಿ ಇವು ಇಡೀ ಐವಿ ಕುಟುಂಬದಲ್ಲಿ ಸಾಮಾನ್ಯ. ಈ ಹೋಲಿಕೆಯ ಆಧಾರದಲ್ಲಿ ಬೇರೆ ಬೇರೆ ಬಗೆಯ ಏಷ್ಯಾದ ಸಸ್ಯಗಳನ್ನು ಹೆಡೆರಾದಲ್ಲಿ ಇಡುವ ರೂಢಿ ಅಂದಿನ ವಿದ್ವಾಂಸರಲ್ಲಿತ್ತು. ವೈಟ್ ಮತ್ತು ಆರ್ನಾಟ್ ಒಂದು ಸಸ್ಯಕ್ಕೆ ಹೆಡೆರಾ ವಾಲಿಚಿಯಾನಾ ಎಂದು ಹೆಸರಿಟ್ಟರು. ಕಲ್ಕತ್ತೆಯ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್ ಅವರ ಗೌರವಾರ್ಥ ಈ ಹೆಸರು. ಮುಂದೆ ವೈಟ್ ಒಬ್ಬರೇ ಹೆಡೆರಾ ರೆಸಿಮೋಸಾ, ಹೆಡೆರಾ ರಾಸ್ಟ್ರೇಟಾ ಎಂಬ ಹೆಸರುಗಳನ್ನು ಕೊಟ್ಟರು. ಇವುಗಳ ಹತ್ತಿರದ ಸಂಬಂಧಿಯಾದ ಇನ್ನೊಂದು ಸಸ್ಯವನ್ನು ಇವರಿಬ್ಬರೂ ಪ್ಯಾರಟ್ರೋಪಿಯಾ ವೆನುಲೋಸಾ ಎಂದು ಬೇರೊಂದು ಕುಲದಲ್ಲಿ ಇಟ್ಟಿದ್ದರು.

ಈ ನಾಲ್ಕು ಸಸ್ಯಗಳಲ್ಲಿ ಕೆಲವು ಇತರ ಮರಗಳ ಆಸರೆಯಲ್ಲಿ ಬೆಳೆಯುವ ಅಡರುಪೊದೆಗಳಾದರೆ ಕೆಲವು ಸಣ್ಣ ಮರಗಳು. ಇವುಗಳ ಎಲೆ ಐವಿಯ ಎಲೆಯಂತೆ ಬಿಡಿಯಾದುದಲ್ಲ. ಉದ್ದನೆಯ ತೊಟ್ಟಿನ ತುದಿಯಲ್ಲಿ ಹಲವು ಕಿರುಎಲೆಗಳು ಅಂಗೈಯಿಂದ ಬೆರಳುಗಳು ಹರಡಿದಂತೆ ಜೋಡಣೆಗೊಂಡಿರುತ್ತವೆ. ತೊಟ್ಟಿನ ಬುಡ ಕಾಂಡವನ್ನು ಸೇರುವಲ್ಲಿ ಸಣ್ಣ ಪೊರೆಯಂಥ ಉಪಪರ್ಣವಿರುತ್ತದೆ. ಐವಿಯಲ್ಲಿ ಉಪಪರ್ಣವೇ ಇರುವುದಿಲ್ಲ. ಕಚೇರಿ, ಹೋಟೆಲುಗಳ ಕುಂಡಗಳಲ್ಲಿ ಬೆಳೆಸುವ ಶೆಫ್ಲೆರಾ ಎಂಬ ಛತ್ರಿ ಗಿಡ ಇದೇ ಗುಂಪಿನದು. ಅದನ್ನು ನೋಡಿದವರಿಗೆ ಈ ಎಲೆಯ ಆಕಾರ ಸುಲಭವಾಗಿ ತಿಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ತೇವಾಂಶವುಳ್ಳ ಕಾಡುಗಳಲ್ಲಿ ಈ ಗುಂಪಿನ ಸಸ್ಯಗಳಿವೆ.

ಗುಂಪಿನ ಒಳಗಿನ ಪ್ರಭೇದಗಳನ್ನು ಬೇರ್ಪಡಿಸಲು ಹೂಗೊಂಚಲು ಮತ್ತು ಕಾಯಿ ಬೇಕಾಗುತ್ತವೆ. ವೈಟ್ ಕೊಟ್ಟ ಹೆಸರುಗಳಲ್ಲಿಯೇ ಈ ಸುಳಿವು ಇದೆ. ರೆಸಿಮೋಸಾ ಎಂಬುದು ಹೂಗಳು ಛತ್ರಿಯಾಕಾರದಲ್ಲಿರದೆ ನೀಳವಾದ ಕಡ್ಡಿಯ ಉದ್ದಕ್ಕೂ ಜೋಡಣೆಗೊಂಡಿರುವುದನ್ನು ಹೇಳುತ್ತದೆ. ರಾಸ್ಟ್ರೇಟಾ ಎಂದರೆ ಕೊಕ್ಕುಳ್ಳದ್ದು ಎಂದರ್ಥ. ವೆನುಲೋಸಾ ಎಂಬ ಹೆಸರು ಎಲೆಯ ನವಿರಾದ ನರಗಳನ್ನು ಸೂಚಿಸುತ್ತದೆ.

ಮುಂದೆ ಈ ಸಸ್ಯಗಳ ಕುಲನಾಮ ಹಲವು ಬಾರಿ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮನ್, ಬೆಡ್ಡೋಮ್ ಮತ್ತು ಕ್ಲಾರ್ಕ್ ಇವುಗಳನ್ನು ಹೆಪ್ಟಾಪ್ಲೂರಮ್ ಕುಲಕ್ಕೆ ತಂದರು. ಗ್ರೀಕ್ ಭಾಷೆಯಲ್ಲಿ ಏಳು ಪಕ್ಕೆಲುಬುಗಳು ಎಂಬ ಅರ್ಥದ ಈ ಕುಲನಾಮವನ್ನು 1791ರಲ್ಲಿ ಗಾರ್ಟ್ನರ್ ರೂಪಿಸಿದ್ದರು. ಅನಂತರ ಹಾರ್ಮ್ಸ್ ಇವುಗಳನ್ನು ಶೆಫ್ಲೆರಾ ಎಂಬ ವಿಶಾಲ ಕುಲದಲ್ಲಿ ವಿಲೀನಗೊಳಿಸಿದರು. ಇಪ್ಪತ್ತನೆಯ ಶತಮಾನದ ಬಹುಪಾಲು ಗ್ರಂಥಗಳಲ್ಲಿ ಶೆಫ್ಲೆರಾ ಎಂಬ ಹೆಸರೇ ಬಳಕೆಯಲ್ಲಿತ್ತು. 2020ರಲ್ಲಿ ಏಷ್ಯಾದ ಪ್ರಭೇದಗಳನ್ನು ಮತ್ತೆ ಹೆಪ್ಟಾಪ್ಲೂರಮ್ ಕುಲಕ್ಕೆ ಮರಳಿಸಲಾಯಿತು. ಕುಲನಾಮ ಇಷ್ಟು ಬಾರಿ ಬದಲಾದರೂ ವೈಟ್ ಗುರುತಿಸಿದ ಈ ಪ್ರಭೇದಗಳು ಅಳಿಸಿಹೋಗಲಿಲ್ಲ. ಹೆಪ್ಟಾಪ್ಲೂರಮ್ ರೆಸಿಮೋಸಮ್, ಹೆಪ್ಟಾಪ್ಲೂರಮ್ ರಾಸ್ಟ್ರೇಟಮ್ ಮೊದಲಾದ ಇಂದಿನ ಹೆಸರುಗಳಲ್ಲಿ ಇವರು ಕೊಟ್ಟ ಪ್ರಭೇದನಾಮಗಳು ಉಳಿದಿವೆ.

ದ್ರಾಕ್ಷಿ ಕುಟುಂಬದ ಬಳ್ಳಿಗಳು

ಗೋಡೆ, ಬಂಡೆಗಳನ್ನು ಅಡರುವುದರಿಂದ ಐವಿಯೆಂದೇ ಜನ ಭಾವಿಸುವ ಇನ್ನೊಂದು ಗುಂಪು ದ್ರಾಕ್ಷಿ ಕುಟುಂಬದ್ದು. ವೈಟ್ ವಿಟಿಸ್ ನೀಲ್‌ಘೆರೆನ್ಸಿಸ್ ಎಂದು ಹೆಸರಿಸಿದ ಬಳ್ಳಿ ಇದಕ್ಕೆ ಉತ್ತಮ ಉದಾಹರಣೆ. ಇದರ ಎಲೆಯಲ್ಲಿ ಮೂರು ಕಿರುಎಲೆಗಳಿರುತ್ತವೆ. ಫ್ರಾನ್ಸಿನ ಪ್ಲಾಂಚೋನ್ 1887ರಲ್ಲಿ ದ್ರಾಕ್ಷಿ ಕುಟುಂಬವನ್ನು ಮರುವಿಂಗಡಿಸಿದಾಗ ಪಾರ್ಥೆನೊಸಿಸಸ್ ಎಂಬ ಹೊಸ ಕುಲವನ್ನು ರಚಿಸಿ ನೀಲಗಿರಿಯ ಈ ಬಳ್ಳಿಯನ್ನು ಅದಕ್ಕೆ ಸೇರಿಸಿದರು. ಅಮೆರಿಕದ ವರ್ಜೀನಿಯಾ ಬಳ್ಳಿಯೂ ಇದೇ ಕುಲದ್ದು.

ಚಾಮರಾಜನಗರ ಸೀಮೆಯ ಬೇಲಿ, ಕುರುಚಲುಗಳಲ್ಲಿ ಸಾಮಾನ್ಯವಾದ ಮಂಗರಬಳ್ಳಿಯೂ ದ್ರಾಕ್ಷಿ ಕುಟುಂಬಕ್ಕೆ ಸೇರಿದೆ. ನಾಲ್ಕು ಮೂಲೆಯ, ಗೆಣ್ಣುಗೆಣ್ಣಾದ ಅದರ ರಸಭರಿತ ಕಾಂಡವನ್ನು ನೋಡಿದರೆ ದ್ರಾಕ್ಷಿಯ ನೆನಪೂ ಬರುವುದಿಲ್ಲ. ವೈಟ್ ಮತ್ತು ಆರ್ನಾಟ್ ಹೂವಿನ ರಚನೆಯನ್ನು ಅನುಸರಿಸಿ ಇದನ್ನು ವಿಟಿಸ್ ಕುಲದಲ್ಲಿ ಇಟ್ಟಿದ್ದರು. ಇಂದು ಅದು ಸಿಸಸ್ ಕ್ವಾಡ್ರ್ಯಾಂಗ್ಯುಲಾರಿಸ್. ಕುಲದ ಗಡಿಯನ್ನು ಇವರು ವಿಶಾಲವಾಗಿ ಎಳೆದಿದ್ದರೂ ಕುಟುಂಬವನ್ನು ಗುರುತಿಸುವುದರಲ್ಲಿ ತಪ್ಪಿರಲಿಲ್ಲ.

ಮೇಲೆ ಹೇಳಿದ ಮೂರು ಗುಂಪುಗಳನ್ನು ಹೀಗೆ ಬೇರ್ಪಡಿಸಬಹುದು:

- ಹೆಡೆರಾ (ಐವಿ): ಕಾಂಡದ ಬೇರುಗಳಿಂದ ಅಂಟಿಕೊಳ್ಳುತ್ತದೆ. ಕುಡಿಬಳ್ಳಿ ಇಲ್ಲ. ಬಿಡಿ ಎಲೆ. ಉಪಪರ್ಣವಿಲ್ಲ. ಅಂಡಾಶಯ ಹೂವಿನ ಇತರ ಭಾಗಗಳಿಗಿಂತ ಕೆಳಗಿರುತ್ತದೆ.
- ಹೆಪ್ಟಾಪ್ಲೂರಮ್: ಕುಡಿಬಳ್ಳಿ ಇಲ್ಲ. ಬೆರಳುಗಳಂತೆ ಹರಡಿದ ಕಿರುಎಲೆಗಳು. ತೊಟ್ಟಿನ ಬುಡದಲ್ಲಿ ಉಪಪರ್ಣವಿರುತ್ತದೆ. ಅಂಡಾಶಯ ಕೆಳಗಿರುತ್ತದೆ.
- ಪಾರ್ಥೆನೊಸಿಸಸ್: ಎಲೆಗೆ ಎದುರಾಗಿ ಹೊರಡುವ ಕವಲೊಡೆದ ಕುಡಿಬಳ್ಳಿಗಳ ತುದಿಯಲ್ಲಿ ಅಂಟುವ ಬಿಲ್ಲೆಗಳಿರುತ್ತವೆ. ಅಂಡಾಶಯ ಹೂದಳಗಳಿಗಿಂತ ಮೇಲಿರುತ್ತದೆ. ಕೇಸರಗಳು ಹೂದಳಗಳಿಗೆ ನೇರ ಎದುರಾಗಿರುತ್ತವೆ. ಐವಿ ಕುಟುಂಬದಲ್ಲಿ ಅವು ದಳಗಳ ನಡುವಿನ ಸಂದಿಗೆ ಎದುರಾಗಿರುತ್ತವೆ.

ಮಾಕಳಿ ಬೇರು ಮತ್ತು ಸೊಗದೆ ಬೇರು

ಬಳ್ಳಿಗಳನ್ನು ಬೇರ್ಪಡಿಸುವ ವಿದ್ಯೆಯ ಪ್ರಾಯೋಗಿಕ ಮಹತ್ವ ಮಾಕಳಿ ಬೇರಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಮಾಗಳಿ ಬೇರು ಎಂದೂ ಕರೆಯುವ ಇದನ್ನು ಮೈಸೂರು, ಚಾಮರಾಜನಗರ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿಗೆ ಬಳಸುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನಲ್ಲಿ ಸಂಗ್ರಹಿಸುತ್ತಾ ಬಂದ ಉತ್ಪನ್ನಗಳಲ್ಲಿ ಇದೂ ಒಂದು. ವೈಟ್ ಮತ್ತು ಆರ್ನಾಟ್ 1834ರಲ್ಲಿ ಈ ಬಳ್ಳಿಗಾಗಿ ಡೆಕಾಲೆಪಿಸ್ ಎಂಬ ಹೊಸ ಕುಲವನ್ನೇ ರಚಿಸಿ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂದು ಹೆಸರಿಟ್ಟರು. ಹತ್ತು ಮತ್ತು ಹುರುಪೆ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಈ ಕುಲನಾಮ ಬಂದಿದೆ. ಇದು ಇಂದಿಗೂ ಬದಲಾಗದೆ ಉಳಿದಿದೆ.

ಆಯುರ್ವೇದದಲ್ಲಿ ಸಾರಿವಾ ಎಂದು ಕರೆಯುವ ಸೊಗದೆ ಬೇರು ಅಥವಾ ನಾಮದ ಬೇರು ಹೆಮಿಡೆಸ್ಮಸ್ ಇಂಡಿಕಸ್ ಎಂಬ 'ಬೇರೆ' ಬಳ್ಳಿಯದು. ಎರಡೂ ಬಳ್ಳಿಗಳು ಗಾಯವಾದರೆ ಹಾಲು ಸುರಿಸುತ್ತವೆ. ಎರಡರಲ್ಲಿಯೂ ಎಲೆಗಳು ಎದುರುಬದುರಾಗಿರುತ್ತವೆ. ಬೇರಿನ ಪರಿಮಳವೂ ಹೆಚ್ಚು ಕಡಿಮೆ ಒಂದೇ, ಏಕೆಂದರೆ ಎರಡರಲ್ಲಿಯೂ ಒಂದೇ ಸುಗಂಧ ರಾಸಾಯನಿಕವಿದೆ. ಆದ್ದರಿಂದ ವಾಸನೆ ನೋಡಿ ಇವುಗಳನ್ನು ಬೇರ್ಪಡಿಸಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಸೊಗದೆ ಬೇರಿನ ಬದಲು ಮಾಕಳಿ ಬೇರು ಬಳಕೆಯಾಗುವುದುಂಟು.

ಬೇರು ಮತ್ತು ಎಲೆಗಳನ್ನು ಒಟ್ಟಿಗೆ ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಮಾಕಳಿಯ ಬೇರು ದಪ್ಪನಾಗಿ, ತಿರುಳಿನಿಂದ ತುಂಬಿ, ಗೊಂಚಲಾಗಿ ಬೆಳೆಯುತ್ತದೆ. ಒಣಬೆಟ್ಟಗಳ ಬಂಡೆಗಳ ನಡುವೆ ಇದರ ನೆಲೆ. ಎಲೆ ಅಗಲವಾಗಿರುತ್ತದೆ. ಸೊಗದೆಯ ಬೇರು ತೆಳ್ಳಗೆ, ಗಡುಸಾಗಿ ಇರುತ್ತದೆ ಮತ್ತು ಕಂದು ಬಣ್ಣದ ಸಿಪ್ಪೆ ಬಿರುಕು ಬಿಟ್ಟಿರುತ್ತದೆ. ಅದರ ಬಳ್ಳಿ ಸಪೂರ. ಎಲೆ ಕೆಲವೊಮ್ಮೆ ಹುಲ್ಲಿನಂತೆ ಕಿರಿದಾಗಿಯೂ ಕೆಲವೊಮ್ಮೆ ಅಗಲವಾಗಿಯೂ ಇದ್ದು ಮೇಲ್ಮೈಯಲ್ಲಿ ಬಿಳಿಯ ಗೀರುಗಳು ಕಾಣುತ್ತವೆ. ಹೂವು ಒಳಗೆ ನೇರಳೆ ಛಾಯೆಯದು.

ಈ ಗೊಂದಲದ ಪರಿಣಾಮ ಔಷಧಕ್ಕಷ್ಟೇ ಸೀಮಿತವಲ್ಲ. ಬೇರನ್ನು ಅಗೆದು ತೆಗೆದಾಗ ಮಾಕಳಿ ಬಳ್ಳಿಯೇ ನಾಶವಾಗುವ ಸಂಭವವಿದೆ. ಸೊಗದೆ ಬಳ್ಳಿ ಬಯಲುನಾಡಿನಲ್ಲಿಯೂ ವ್ಯಾಪಕವಾಗಿ ಬೆಳೆಯುತ್ತದೆ. ಮಾಕಳಿಯ ನೆಲೆ ದಕ್ಷಿಣ ಭಾರತದ ಬೆಟ್ಟಗಳಿಗೆ ಸೀಮಿತ. ಎರಡೂ ಬೇರುಗಳನ್ನು ಒಂದೇ ಹೆಸರಿನಲ್ಲಿ ಲೆಕ್ಕ ಹಾಕಿದರೆ, ವಿರಳವಾದ ಬಳ್ಳಿ ಕಡಿಮೆಯಾಗುತ್ತಿರುವುದು ಲೆಕ್ಕಕ್ಕೆ ಸಿಗುವುದಿಲ್ಲ. ಯಾವ ಬಳ್ಳಿ ಎಷ್ಟಿದೆ, ಎಷ್ಟು ಅಗೆಯಬಹುದು ಎಂಬ ನಿರ್ಧಾರಕ್ಕೆ ಸರಿಯಾದ ಗುರುತೇ ಮೊದಲ ಹೆಜ್ಜೆ.

ಚಿತ್ರಗ್ರಂಥಗಳು ಮತ್ತು ಚಿತ್ರಕಾರರು

ಬಣ್ಣದ ಸಸ್ಯಚಿತ್ರಗಳ ಗ್ರಂಥಗಳು ಆ ಕಾಲದಲ್ಲಿ ಬಹಳ ದುಬಾರಿಯಾಗಿದ್ದವು. ಭಾರತದಲ್ಲಿ ಕೆಲಸ ಮಾಡುವವರ ಕೈಗೆ ಅವು ಸಿಗುವುದು ಕಷ್ಟವಾಗಿತ್ತು. ಈ ಕೊರತೆಯನ್ನು ನೀಗಲು ವೈಟ್ ಮದ್ರಾಸಿನಲ್ಲಿಯೇ ಕಲ್ಲಚ್ಚಿನಲ್ಲಿ ಚಿತ್ರಗಳನ್ನು ಮುದ್ರಿಸಲು ಮುಂದಾದರು. 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಐಕಾನೀಸ್ ಪ್ಲಾಂಟಾರಮ್ ಇಂಡಿಯೇ ಓರಿಯೆಂಟಾಲಿಸ್ ಗ್ರಂಥದಲ್ಲಿ 2,101 ಚಿತ್ರಫಲಕಗಳಿವೆ. ಇವು ಬಣ್ಣವಿಲ್ಲದ ರೇಖಾಚಿತ್ರಗಳು. ಇದರ ಜೊತೆಗೆ ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಬಾಟನಿ ಎಂಬ ಬಣ್ಣದ ಚಿತ್ರಗಳ ಗ್ರಂಥವೂ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಈ ಚಿತ್ರಗಳ ಹಿಂದೆ ಇಬ್ಬರು ದಕ್ಷಿಣ ಭಾರತೀಯ ಚಿತ್ರಕಾರರ ಶ್ರಮವಿದೆ. ಆರಂಭದಲ್ಲಿ ರಂಗಯ್ಯ, 1840ರ ದಶಕದ ಮಧ್ಯಭಾಗದಿಂದ ಗೋವಿಂದು ಇವರಿಗಾಗಿ ಚಿತ್ರ ಬರೆದರು. ಇಡೀ ರೆಂಬೆಯ ಚಿತ್ರದ ಪಕ್ಕದಲ್ಲಿ ಹೂವನ್ನು ಬಿಡಿಸಿ ಕೇಸರ, ಅಂಡಾಶಯದ ಅಡ್ಡಸೀಳು, ಬೀಜ ಮೊದಲಾದವನ್ನು ಹಿಗ್ಗಿಸಿ ತೋರಿಸುವುದು ಈ ಫಲಕಗಳ ಕ್ರಮ. ಎಲೆಯ ಹೋಲಿಕೆಯಿಂದ ಮೋಸಹೋಗುವಂಥ ಬಳ್ಳಿಗಳನ್ನು ಬೇರ್ಪಡಿಸಲು ಬೇಕಾದುದು ಇಂಥ ವಿವರಗಳೇ. ಹೆಸರು ತಪ್ಪಾಗಿದ್ದರೂ ಚಿತ್ರ ನಿಖರವಾಗಿದ್ದಲ್ಲಿ ಮುಂದಿನವರು ಅದನ್ನು ನೋಡಿ ಸಸ್ಯವನ್ನು ಸರಿಯಾದ ಕುಲಕ್ಕೆ ಸೇರಿಸಲು ಸಾಧ್ಯವಾಗುತ್ತದೆ.

ಕಂಪನಿಯ ಕಾಲದ ಬಹುತೇಕ ಭಾರತೀಯ ಸಸ್ಯಚಿತ್ರಕಾರರ ಹೆಸರುಗಳು ದಾಖಲೆಯಾಗದೆ ಹೋಗಿವೆ. ರಂಗಯ್ಯ ಮತ್ತು ಗೋವಿಂದು ಅವರ ಹೆಸರುಗಳು ಉಳಿದಿವೆ. ವೈಟ್ ಆರ್ಕಿಡ್ ಕುಲವೊಂದಕ್ಕೆ ಗೋವಿಂದೂಯಿಯಾ ಎಂದು ಚಿತ್ರಕಾರ ಗೋವಿಂದು ಅವರ ಹೆಸರನ್ನೇ ಇಟ್ಟರು. ಈ ಕುಲವನ್ನು ಮುಂದೆ ಟ್ರೋಪಿಡಿಯಾ ಕುಲದಲ್ಲಿ ವಿಲೀನಗೊಳಿಸಲಾಯಿತು. ಈ ಚಿತ್ರಕಾರರ ಮೂಲ ಚಿತ್ರಗಳ ದೊಡ್ಡ ಸಂಗ್ರಹ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ಅಲ್ಲಿನ ಹೆನ್ರಿ ನೋಲ್ಟಿ ಅವರು ವೈಟ್ ಮತ್ತು ಇವರ ಚಿತ್ರಕಾರರನ್ನು ಕುರಿತು ಬರೆದ ಮೂರು ಸಂಪುಟಗಳು 2007ರಲ್ಲಿ ಪ್ರಕಟವಾದವು.

ನಿವೃತ್ತಿ ಮತ್ತು ಕೊನೆಯ ದಿನಗಳು

1853ರಲ್ಲಿ ಸೇವೆಯಿಂದ ನಿವೃತ್ತರಾದ ವೈಟ್ ಇಂಗ್ಲೆಂಡಿಗೆ ಮರಳಿ ರೆಡಿಂಗ್ ಪಟ್ಟಣದ ಸಮೀಪದ ಗ್ರೇಜ್ಲಿ ಎಂಬಲ್ಲಿ ಜಮೀನು ಕೊಂಡು ಬೇಸಾಯದಲ್ಲಿ ತೊಡಗಿದರು. ಆ ಬಳಿಕ ಸಸ್ಯಶಾಸ್ತ್ರದಲ್ಲಿ ಹೊಸ ದೊಡ್ಡ ಗ್ರಂಥವನ್ನು ಬರೆಯಲಿಲ್ಲ. 1855ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಇವರಿಗೆ ದೊರೆಯಿತು. ತಮ್ಮ ಸಸ್ಯಸಂಗ್ರಹವನ್ನು 1871ರಲ್ಲಿ ಕ್ಯೂ ಸಸ್ಯೋದ್ಯಾನಕ್ಕೆ ಒಪ್ಪಿಸಿದರು. ಮರುವರ್ಷ ಮೇ 26ರಂದು ಗ್ರೇಜ್ಲಿಯಲ್ಲಿ ನಿಧನರಾದರು.

ಪರಂಪರೆ

ವೈಟ್ ಅವರ ಕೆಲಸದ ತಳಹದಿಯ ಮೇಲೆ ಬೆಡ್ಡೋಮ್, ಜೋಸೆಫ್ ಹೂಕರ್, ಗ್ಯಾಂಬಲ್ ಮೊದಲಾದವರು ದಕ್ಷಿಣ ಭಾರತದ ಸಸ್ಯಗಳ ಅಧ್ಯಯನವನ್ನು ಮುಂದುವರಿಸಿದರು. ಗ್ಯಾಂಬಲ್ ಆರಂಭಿಸಿ ಫಿಷರ್ ಪೂರ್ಣಗೊಳಿಸಿದ ಮದ್ರಾಸ್ ಪ್ರಾಂತದ ಸಸ್ಯಕೋಶ (1915–1936) ಅಂದು ಆ ಪ್ರಾಂತದಲ್ಲಿದ್ದ ಕೊಳ್ಳೇಗಾಲದ ಕಾಡುಗಳಿಗೂ ಕೈಪಿಡಿಯಾಯಿತು.

ವೈಟ್ ಅವರ ಗೌರವಾರ್ಥ ವಾಲಿಚ್ ಹಿಮಾಲಯದ ಸಸ್ಯಕುಲವೊಂದಕ್ಕೆ ವೈಟಿಯಾ ಎಂದು ಹೆಸರಿಟ್ಟರು. ಅನೇಕ ಸಸ್ಯಗಳ ಪ್ರಭೇದನಾಮಗಳಲ್ಲಿಯೂ ಇವರ ಹೆಸರಿದೆ. ಕ್ಯೂ ಮತ್ತು ಎಡಿನ್‌ಬರೋಗಳಲ್ಲಿರುವ ಇವರ ಒಣಸಸ್ಯಗಳನ್ನು ಸಂಶೋಧಕರು ಇಂದಿಗೂ ಪರಿಶೀಲಿಸುತ್ತಾರೆ. ಬಳ್ಳಿಯೊಂದರ ಗುರುತಿನ ಬಗ್ಗೆ ಸಂದೇಹ ಬಂದಾಗ ಹೋಲಿಸಿ ನೋಡಲು ಮೊದಲು ಹೆಸರಿಟ್ಟವರ ಮಾದರಿ ಮತ್ತು ಚಿತ್ರಗಳೇ ಆಧಾರ.

ಪ್ರಮುಖ ಕೃತಿಗಳು

- ಪ್ರೊಡ್ರೋಮಸ್ ಫ್ಲೋರೇ ಪೆನಿನ್ಸುಲೇ ಇಂಡಿಯೇ ಓರಿಯೆಂಟಾಲಿಸ್, ಆರ್ನಾಟ್ ಅವರೊಂದಿಗೆ (1834)
- ಕಾಂಟ್ರಿಬ್ಯೂಷನ್ಸ್ ಟು ದ ಬಾಟನಿ ಆಫ್ ಇಂಡಿಯಾ (1834)
- ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಬಾಟನಿ, 2 ಸಂಪುಟಗಳು (1838–1850)
- ಐಕಾನೀಸ್ ಪ್ಲಾಂಟಾರಮ್ ಇಂಡಿಯೇ ಓರಿಯೆಂಟಾಲಿಸ್, 6 ಸಂಪುಟಗಳು (1838–1853)
- ಸ್ಪಿಸಿಲೇಜಿಯಂ ನೀಲ್‌ಘೆರೆನ್ಸೆ (1846–1851)